ಅಡ್ಡಾಡೂವಾಗ ಉಸಿರಿನ ಮ್ಯಾಲೆ ಧ್ಯಾಸ ಇಡೋದು ಹೆಂಗ? ನಂದು ಹತ್ತು ಹೆಜ್ಜಿಗೆ ತಪ್ಪಿ ಹೋಗ್ತೈತಿ

ಭಾಗ್ಯನಗರದಕ್ಕ (ಸೋಮವಾರ, ರಾತ್ರಿ 9:10)
ಎಲ್ಲಾರಿಗೂ ಶರಣು. ನನಗ 46 ವರ್ಷ. ಮನಿ ಭಾಗ್ಯನಗರ, ಆಫೀಸು ಕೊಪ್ಪಳದಾಗ. ಹೋದ ತಿಂಗಳು ಬಿಪಿ ನೋಡಿಸಿದ್ರ 150 ದಾಟಿತ್ತು. ಡಾಕ್ಟರು ಗುಳಿಗಿ ಬರದು, ದಿನಾ ಅರ್ಧ ತಾಸು ನಡೀರಿ ಅಂದ್ರು. ಅಲ್ಲೀತನಕ ಸರಿ ಇತ್ತು. ನಾ ಎದ್ದು ಬಾಗಲ ಹತ್ರ ಬಂದಾಗ "ನಡಿಯೂವಾಗ ಫೋನ್ ಬ್ಯಾಡ, ಉಸಿರಿನ ಮ್ಯಾಲೆ ಗಮನ ಇಡ್ರಿ, ಮೈಂಡ್‌ಫುಲ್‌ನೆಸ್" ಅಂದವರೇ ಮುಂದಿನ ಪೇಶಂಟನ್ನ ಕರದುಬಿಟ್ರು.

ಮೂರು ವಾರ ಆತು. ಹತ್ತು ಹೆಜ್ಜಿ ಚಲೋ ನಡೀತೈತಿ. ಹನ್ನೊಂದನೇದಕ್ಕ ದ್ವಾಶಿ ಹಿಟ್ಟು, ಹದಿನೈದಕ್ಕ ಮಗನ ಫೀಸು, ಇಪ್ಪತ್ತಕ್ಕ ನಮ್ಮ ನಾದಿನಿ ಹೋದ ಶ್ರಾವಣದಾಗ ಅಂದ ಮಾತು. ಹಟ ಹಿಡಿದು ಉಸಿರು ನೋಡಿದ್ರ ಎದಿ ಬಿಗಿ ಹಿಡದಂಗ ಆಗಿ, ಇಷ್ಟು ದಿನ ಹೆಂಗ ಉಸಿರಾಡ್ತಿದ್ದೆ ಅನ್ನೋದೇ ಮರ್ತು ಹೋಗ್ತೈತಿ. ಯೂಟ್ಯೂಬಿನ್ಯಾಗ ಎಲ್ಲಾರೂ ಮಂಜು ಮುಸುಕಿದ ಕಾಡಿನ್ಯಾಗ ನಡೀತಾರ. ನಮ್ಮೂರಿಗೆ ಮಂಜು ಎಲ್ಲಿಂದ ತರ್ಲಿ? ಲಾರಿ ಧೂಳು ಐತಿ, ಬೇಕಾದ್ರ ನಾಯಿ ಅದಾವ.

ಖರೇನ ಮಾಡಿದೋರು ಯಾರರ ಇದ್ರ ಹೇಳ್ರಿ. ಪುಸ್ತಕದ ಮಾತು ಬ್ಯಾಡ.

ಕೌಲಬಜಾರ್ ಕಾಕಾ (9:24)
ನಡಿಯಾಕೂ ಟ್ಯೂಷನ್ ಬಂತಾ? ನಮ್ಮಪ್ಪ ದಿನಾ ಹೊಲಕ್ಕೆ ಎರಡು ಹರದಾರಿ ನಡೀತಿದ್ದ. ಉಸಿರು ತಾನಾಗೇ ಬರ್ತಿತ್ತು, ತಾನಾಗೇ ಹೋಗ್ತಿತ್ತು. ಯಾರೂ ಲೆಕ್ಕ ಇಟ್ಟಿದ್ದಿಲ್ಲ.

ತೀನ್ ಕಂದೀಲ್ ಹುಡುಗ (9:26)
ಕಾಕಾ, ನಿಮ್ಮಪ್ಪನ ಜೇಬಿನ್ಯಾಗ ಫೋನ್ ಇದ್ದಿಲ್ಲ.

ಕೌಲಬಜಾರ್ ಕಾಕಾ (9:27)
ಜೇಬೇ ಇದ್ದಿಲ್ಲಪ್ಪ, ಧೋತರ ಉಡ್ತಿದ್ದ.

ನರ್ಸಕ್ಕ ಸಿಂಧನೂರು (9:51)
ಅಕ್ಕಾ, ಎದಿ ಬಿಗಿ ಹಿಡಿಯೋದು ಭಾಳ ಮಂದಿಗೆ ಆಗ್ತದ. ಒಂದು ಗುಟ್ಟು ಹೇಳ್ತೀನಿ ಕೇಳ್ರಿ. ವಾರ್ಡಿನ್ಯಾಗ ನಾವು ಪೇಶಂಟಿನ ಉಸಿರು ಎಣಿಸೂವಾಗ ಅವರಿಗೆ ಹೇಳೋದೇ ಇಲ್ಲ. ನಾಡಿ ನೋಡೋರಂಗ ಮಣಿಕಟ್ಟು ಹಿಡಕೊಂಡು ನಿಂತು, ಕಳ್ಳಗಣ್ಣಿಲೆ ಎದಿ ಏರೋದು ಇಳಿಯೋದು ನೋಡ್ತೀವಿ. ಯಾಕಂದ್ರ "ನಿಮ್ಮ ಉಸಿರು ಎಣಿಸ್ತೀನಿ" ಅಂದ ಕೂಡ್ಲೇ ಅದು ಬದಲಾಗ್ತದ. ಸುಮ್ಮನ ಕುಂತ ದೊಡ್ಡವರಿಗೆ ನಿಮಿಷಕ್ಕ 12ರಿಂದ 20 ಸಲ ಇರೋದು, ಎಣಿಸ್ತಾರಂತ ಗೊತ್ತಾದ್ರ ಒಬ್ಬರದು ಜೋರು, ಇನ್ನೊಬ್ಬರದು ನಿಧಾನ. ನಿಮಗೂ ಅದೇ ಆಗ್ಯಾದ. ನೋಡಾಕ ಹೋಗಿ ಅದನ್ನ ನಡಸಾಕ ಹತ್ತೀರಿ.

ಅದಕ್ಕ ಮೊದಲ ಒಂದು ವಾರ ಉಸಿರಿನ ಗೊಡವಿ ಬಿಡ್ರಿ. ಅಂಗಾಲು ನೋಡ್ರಿ. ಹಿಮ್ಮಡಿ ಊರ್ತದ, ಭಾರ ಮುಂದಕ್ಕ ಬರ್ತದ, ಹೆಬ್ಬೆರಳು ನೆಲ ಒತ್ತಿ ಬಿಡ್ತದ. ಅಷ್ಟು ಸಾಕು. ಅದು ರೂಢಿ ಆದಮ್ಯಾಲೆ, ಉಸಿರು ಒಳಗ ಹೋಗೂವಾಗ ಎಷ್ಟು ಹೆಜ್ಜಿ, ಹೊರಗ ಬರೂವಾಗ ಎಷ್ಟು ಹೆಜ್ಜಿ ಅಂತ ಗಮನಿಸ್ರಿ. ಮೂರಕ್ಕ ಮೂರು ಬರಲಿ, ಎರಡಕ್ಕ ಮೂರು ಬರಲಿ, ಬಂದಿದ್ದೇ ಸರಿ. ಹೊರಗ ಬಿಡೋದು ಒಂದು ಹೆಜ್ಜಿ ಉದ್ದ ಆದ್ರ ಇನ್ನೂ ಚಲೋ. ಉಸಿರು ಬಿಡೂವಾಗ ಹೃದಯದ ಬಡಿತ ತುಸು ನಿಧಾನ ಆಗ್ತದ, ತಗೊಳ್ಳೂವಾಗ ತುಸು ಜೋರಾಗ್ತದ. ವೇಗಸ್ ಅನ್ನೋ ನರದ ಕೆಲಸ ಅದು. ಕುರ್ಚಿ ಮ್ಯಾಲೆ ಕುಂತು ನಾಡಿ ಮ್ಯಾಲೆ ಬೆರಳಿಟ್ಟು ನಿಧಾನಕ್ಕ ಉಸಿರಾಡ್ರಿ, ಕೆಲವರಿಗೆ ಬೆರಳಿಗೇ ಗೊತ್ತಾಗ್ತದ.

ಗುಳಿಗಿ ಮಾತ್ರ ಬಿಡಬ್ಯಾಡ್ರಿ. ಇನ್ನೊಂದು: ನಡಿಯೂವಾಗ ಎದಿ ನೋವು ಬಂದು, ಅದು ತೋಳಿಗೆ ಇಲ್ಲಾ ದವಡಿಗೆ ಇಳದ್ರ, ತಣ್ಣನ ಬೆವರು ಬಂದ್ರ ಅದು ಗಮನ ಇಡೋ ಮಾತಲ್ಲ. ಸೀದಾ ದವಾಖಾನಿ.

ಬೆಳಗಿನ ಯೋಗ (10:05)
ಇಷ್ಟೆಲ್ಲ ಯಾಕೆ ಸುತ್ತಿ ಬಳಸಿ ಹೇಳಬೇಕು? ಕಪಾಲಭಾತಿ 100 ಸಲ, ಆಮೇಲೆ ಉಸಿರು ಕಟ್ಟಿ ಕುಂಭಕ. ಒಂದು ತಿಂಗಳಲ್ಲಿ ಬಿಪಿ ಇಳಿಯದಿದ್ದರೆ ನನ್ನನ್ನು ಕೇಳಿ.

ನರ್ಸಕ್ಕ ಸಿಂಧನೂರು (10:08)
ಸರ್, ನಿಮ್ಮನ್ನ ಕೇಳೂದಿಲ್ಲ, ನಮ್ಮ ಕ್ಯಾಜುವಾಲ್ಟಿಗೆ ಬರ್ತಾರ. ಬಿಪಿ ಏರಿದೋರಿಗೆ ಜೋರು ಕಪಾಲಭಾತಿ, ಉಸಿರು ಕಟ್ಟಿ ಹಿಡಿಯೋದು ಬ್ಯಾಡ ಅಂತ ಯೋಗ ಕಲಿಸೋರೇ ಹೇಳ್ತಾರ.

ಬೆಳಗಿನ ಯೋಗ (10:15)
ಸರಿಯಾದ ಗುರು ಎದುರಿಗೆ ಇದ್ದರೆ ಅನ್ನೋದನ್ನು ಸೇರಿಸಬೇಕಿತ್ತು, ಒಪ್ಪಿದೆ. ಆದರೆ ಪ್ರಾಣಾಯಾಮ, ಮೈಂಡ್‌ಫುಲ್‌ನೆಸ್ ಎಲ್ಲಾ ಒಂದೇ. ನಮ್ಮದನ್ನೇ ಹೊರಗಿನವರು ಡಬ್ಬಿಗೆ ಹಾಕಿ ನಮಗೇ ಮಾರ್ತಿದ್ದಾರೆ.

ಹತ್ತು ದಿನ ಮೌನ (10:40)
ಮಾರ್ತಿದ್ದಾರೆ ಅನ್ನೋದು ನಿಜ. ಒಂದೇ ಅನ್ನೋದು ತಪ್ಪು. ಪ್ರಾಣಾಯಾಮದಲ್ಲಿ ನೀವು ಉಸಿರನ್ನು ತಿದ್ದುತ್ತೀರಿ. ಮೈಂಡ್‌ಫುಲ್‌ನೆಸ್ಸಿನ ಬೇರು ಇರೋ ಆನಾಪಾನಸತಿಯಲ್ಲಿ, ಅಂದರೆ ಬೌದ್ಧರ ಉಸಿರಿನ ಧ್ಯಾನದಲ್ಲಿ, ಉಸಿರು ಹೇಗಿದೆಯೋ ಹಾಗೆ ನೋಡ್ತೀರಿ. ಉದ್ದ ಇದ್ದರೆ ಉದ್ದ ಇದೆ ಅಂತ ಗೊತ್ತಿರಬೇಕು, ಗಿಡ್ಡ ಇದ್ದರೆ ಗಿಡ್ಡ ಇದೆ ಅಂತ. ಮುಗೀತು.

ನಾನು ಗೋಯೆಂಕಾ ಅವರ ಸಂಪ್ರದಾಯದ ಹತ್ತು ದಿನದ ವಿಪಶ್ಯನ ಶಿಬಿರ ಕೂತು ಬಂದವನು. ಮೊದಲ ಮೂರು ದಿನ ಬೆಳಗಿನಿಂದ ರಾತ್ರಿವರೆಗೆ ಮೂಗು, ಮೇಲ್ದುಟಿ, ಅಲ್ಲಿ ಉಸಿರು ತಾಗೋ ಜಾಗ, ಇಷ್ಟೇ. ಎರಡನೇ ದಿನ ಮಧ್ಯಾಹ್ನ ಕಾಂಪೌಂಡ್ ಎಷ್ಟು ಎತ್ತರ ಇದೆ ಅಂತ ಅಂದಾಜು ಹಾಕಿದ್ದೆ. ಮೂರನೇ ದಿನ ಸಂಜೆ ಒಂದು ವಿಚಿತ್ರ ಕಂಡೆ. ಉಸಿರು ಬರುವಾಗ ತಣ್ಣಗೆ, ಹೋಗುವಾಗ ಬೆಚ್ಚಗೆ. ನಲವತ್ತು ವರ್ಷದಿಂದ ನನ್ನದೇ ಮೂಗು, ಇದು ಗೊತ್ತಿರಲಿಲ್ಲ.

ಅಲ್ಲಿ ನಡಿಗೆಯ ಧ್ಯಾನ ಅಂತ ಬೇರೆ ಕಲಿಸೋದಿಲ್ಲ. ಬರ್ಮಾದ ಮಹಾಸಿ ಸಯಾಡೊ ಅವರ ಪದ್ಧತಿಯಲ್ಲಿ ಒಂದು ಗಂಟೆ ಕೂತರೆ ಒಂದು ಗಂಟೆ ನಡೀಬೇಕು. ಒಂದೊಂದು ಹೆಜ್ಜೆಗೂ ಮನಸ್ಸಿನಲ್ಲೇ "ಎತ್ತು, ಸಾಗಿಸು, ಇಡು" ಅಂತ ಗುರುತು ಹಾಕ್ತಾ ಹೋಗೋದು. ಹಳೇ ಬೌದ್ಧ ಗ್ರಂಥಗಳ ಭಾಷೆ ಪಾಲಿಯಲ್ಲಿ ಇದಕ್ಕೆ ಚಂಕಮ ಅಂತಾರೆ. ಬುದ್ಧ ಅಡ್ಡಾಡಿದ ಜಾಗ ಅಂತ ಬೋಧಗಯೆಯ ಮಹಾಬೋಧಿ ಗುಡಿ ಪಕ್ಕದಲ್ಲೇ ಒಂದು ಚಂಕ್ರಮಣ ಕಟ್ಟೆ ಇದೆ. ಹೆಜ್ಜೆಗೂ ಉಸಿರಿಗೂ ಗಂಟು ಹಾಕಿ ಆರಾಮಾಗಿ ನಡೆಯೋದನ್ನು ಜನಪ್ರಿಯ ಮಾಡಿದವರು ವಿಯೆಟ್ನಾಮಿನ ಭಿಕ್ಷು ತಿಕ್ ನ್ಯಾಟ್ ಹಾನ್. 1982ರಲ್ಲಿ ಫ್ರಾನ್ಸಿನಲ್ಲಿ ಪ್ಲಮ್ ವಿಲೇಜ್ ಕಟ್ಟಿದವರು, 2022ರಲ್ಲಿ ತೀರಿಕೊಂಡರು. ಅಕ್ಕಾವರ ಡಾಕ್ಟರು ಬಾಗಿಲಲ್ಲಿ ಹೇಳಿದ್ದು ಬಹುಶಃ ಅದನ್ನೇ.

ಕೌಲಬಜಾರ್ ಕಾಕಾ (10:44)
ಎತ್ತು, ಸಾಗ್ಸು, ಇಡು ಅಂತ ನಾನು ನಮ್ಮ ರಾಯಲ್ ಸರ್ಕಲ್ ದಾಟಿದ್ರೆ, ನನ್ನನ್ನೇ ಎತ್ತಿ, ಸಾಗ್ಸಿ, ಇಡ್ತಾರೆ.

ತೀನ್ ಕಂದೀಲ್ ಹುಡುಗ (10:45)
😂😂 ಕಾಕಾ

ಪುಣೆದಾಗಿನ ಕುಷ್ಟಗಿ (10:58)
ನಕ್ಕು ನಕ್ಕು ಸಾಕಾತು. ಒಂದು ಸೀದಾ ಪ್ರಶ್ನೆ: ಮೈಂಡ್‌ಫುಲ್‌ನೆಸ್‌ಗೆ ಕನ್ನಡದಾಗ ಏನಂತಾರ? ಇಲ್ಲಿ ಆಫೀಸಿನ್ಯಾಗ ಅದರ ಸೆಷನ್ ಐತಿ, ಅವ್ವಗ ಫೋನಿನ್ಯಾಗ ಏನಂತ ಹೇಳ್ಲಿ ತಿಳೀವಲ್ದು.

ಬೆಳಗಿನ ಯೋಗ (11:02)
ಸಾವಧಾನ.

ಕೌಲಬಜಾರ್ ಕಾಕಾ (11:03)
ಅದನ್ನ ಮದುವಿಯಾಗ ಒದ್ರಿ ಒದ್ರಿ ಹೇಳ್ತಾರೆ. ಯಾವನು ಕೇಳ್ಯಾನೆ?

ತೀನ್ ಕಂದೀಲ್ ಹುಡುಗ (11:05)
ರಾಯಚೂರಿನ್ಯಾಗ ಖಬರ್ ಅಂತೀವಿ. "ಖಬರ್ ಅದನೋ ಇಲ್ಲೋ ಮಗನಾ" ಅಂತ ನಮ್ಮಪ್ಪ ದಿನಕ್ಕ ನಾಕು ಸಲ ಮೈಂಡ್‌ಫುಲ್‌ನೆಸ್ ಕಲಸ್ತಾನ.

ಗಂಗಾವತಿ ಭತ್ತ (11:30)
ಧ್ಯಾಸ. ಅಕ್ಕಾವರು ಮ್ಯಾಲೆ ಹೆಡ್ಡಿಂಗಿನ್ಯಾಗ ತಾವೇ ಬರದಾರ, ಯಾರೂ ನೋಡಿಲ್ಲ.

ನಮ್ಮ ಅಜ್ಜಿ ನಾಟಿ ಮಾಡೋ ಗುಂಪಿನ ಮುಂದಾಳು. ಆಗ ನನಗ ಒಂಬತ್ತೋ ಹತ್ತೋ ವರ್ಷ, ಶಾಲಿ ತಪ್ಪಿಸಿ ಗದ್ದಿಗೆ ಹೋಗ್ತಿದ್ದೆ. ನಾಟಿಯಾಗ ಮುಂದಕ್ಕ ನಡಿಯೋ ಹಂಗಿಲ್ಲ, ಹಿಂದ ಹಿಂದಕ್ಕ ಹೆಜ್ಜಿ. ಬೆನ್ನಿಗೆ ಕಣ್ಣಿಲ್ಲ. ಕೆಸರಿನ್ಯಾಗ ಹೆಬ್ಬೆರಳಿಲೆ ತಡಕಿ, ಗಟ್ಟಿ ಸಿಕ್ಕಮ್ಯಾಲೆ ಹಿಮ್ಮಡಿ ಊರಬೇಕು. ಸಸಿಯನ್ನ ಕಾಲು ಎತ್ತಿದ ಗುಣಿಯಾಗ ಇಟ್ರ ತೇಲಿ ಬರ್ತೈತಿ. ನಾ ಒಮ್ಮೆ ಅತ್ತಾಗ ಹಾರೋ ಬೆಳ್ಳಕ್ಕಿ ನೋಡಿಕೋತ ಮೂರು ಸಸಿ ಗುಣಿಯಾಗ ಇಟ್ಟೆ. ಅಜ್ಜಿ ಬಗ್ಗಿದಾಕಿ ಬಗ್ಗಿದಂಗ, ತಲಿ ಸೈತ ಎತ್ತದ, "ಧ್ಯಾಸ ಎಲ್ಲಿಟ್ಟಿಯೋ?" ಅಂದ್ಲು. ನನಗ ಬೆನ್ನು ತೋರಿಸಿ ನಿಂತಾಕಿ, ನೋಡಿದ್ದಾದ್ರೂ ಹೆಂಗ ಅಂತ ಇವತ್ತಿಗೂ ಗೊತ್ತಿಲ್ಲ. ನನ್ನ ಕಾಲಿನ ಸಪ್ಪಳ ಬದಲಾಗಿತ್ತು ಅನಸ್ತೈತಿ.

ಈಗ ನಾ ಗದ್ದಿ ಬದುವಿನ ಮ್ಯಾಲೆ ನೀರು ನೋಡಾಕ ಹೋಗೂವಾಗ ಅದೇ ಮಾಡ್ತೀನಿ. ಬದು ಒಂದು ಗೇಣು ಅಗಲ. ಧ್ಯಾಸ ತಪ್ಪಿದ್ರ ಗದ್ದಿಯಾಗ. ಬ್ಯಾರೆ ಕ್ಲಾಸ್ ಬೇಕಾಗಿಲ್ಲ.

ಶಾಸನದ ಹುಚ್ಚ (ಮಂಗಳವಾರ, ಬೆಳಿಗ್ಗೆ 5:50)
ಗಂಗಾವತಿಯವರ ಮಾತಿಗೆ ಒಂದು ಸಣ್ಣ ಬಾಲ ಸೇರಿಸ್ತೀನಿ. ಮೈಂಡ್‌ಫುಲ್‌ನೆಸ್ ಅನ್ನೋದು ಪಾಲಿಯ "ಸತಿ" ಪದಕ್ಕೆ ಇಂಗ್ಲಿಷಿನವರು ಇಟ್ಟ ಹೆಸರು. ಸತಿ ಅಂದರೆ ಸಂಸ್ಕೃತದ ಸ್ಮೃತಿ, ನೆನಪು. ಈಗ ನಮ್ಮ ಕಡೆಯ ಧ್ಯಾಸ ನೋಡಿ. "ಧ್ಯಾಸ ಇಟ್ಟು ಮಾಡು" ಅಂದರೆ ಗಮನ. "ಹಾಲು ತರೋದು ಧ್ಯಾಸಾನ ಇರಲಿಲ್ಲ" ಅಂದರೆ ನೆನಪು. ಎರಡೂ ಅರ್ಥ ಒಂದೇ ಪದದಲ್ಲಿ ಕೂತಿವೆ. ಪಂಡಿತರು ಮನಸ್ವಿತೆ, ಪೂರ್ಣಚಿತ್ತತೆ ಅಂತ ಏನೇನೋ ಕಟ್ಟುವ ಬದಲು ನಾಟಿ ಹೆಣ್ಣುಮಕ್ಕಳನ್ನು ಕೇಳಿದ್ದರೆ ಸಾಕಿತ್ತು.

ಇನ್ನೊಂದು. ಅಕ್ಕಾವರು ಇರೋದು ಕೊಪ್ಪಳದ ಮಗ್ಗಲು. ಗವಿಮಠದ ಬಂಡೆ ಮೇಲೆ ಅಶೋಕನ ಶಾಸನ ಇದೆ, ಪಾಲ್ಕಿಗುಂಡಿನ ಮೇಲೆ ಇನ್ನೊಂದು. ಜಾತ್ರೆಗೆ ಹೋದವರಲ್ಲಿ ಎಷ್ಟು ಜನ ಅದನ್ನು ನೋಡಿದ್ದಾರೋ. ಅದರಲ್ಲಿ ಅಶೋಕ ಹೇಳಿಕೊಂಡಿರೋದು ಮಜಾ ಇದೆ: ನಾನು ಬೌದ್ಧ ಉಪಾಸಕನಾಗಿ ಎರಡೂವರೆ ವರ್ಷ ದಾಟಿತು, ಆದರೆ ಮೊದಮೊದಲು ಅಂಥಾ ಪ್ರಯತ್ನವನ್ನೇನೂ ಪಡಲಿಲ್ಲ, ಭಿಕ್ಷುಗಳ ಸಂಘದ ಹತ್ತಿರ ಹೋದಮೇಲೆ ಒಂದು ವರ್ಷಕ್ಕೂ ಹೆಚ್ಚು ಕಾಲದಿಂದ ಗಟ್ಟಿಯಾಗಿ ಪ್ರಯತ್ನ ಪಡ್ತಿದ್ದೇನೆ. ದೊಡ್ಡವರಿಗಷ್ಟೇ ಅಲ್ಲ, ಸಣ್ಣವರಿಗೂ ಇದು ಸಾಧ್ಯ ಅಂತಲೂ ಕೆತ್ತಿಸಿದ್ದಾನೆ. ನಮ್ಮ ಮಸ್ಕಿಯದೂ ಅದೇ ಪಾಠ, ಜೊತೆಗೆ ಅಶೋಕ ಅನ್ನೋ ಹೆಸರೂ ಇದೆ. 1915ರಲ್ಲಿ ಚಿನ್ನ ಹುಡುಕ್ತಾ ಬಂದ ಬೀಡನ್ ಅನ್ನೋ ಇಂಜಿನಿಯರ್ ಕಣ್ಣಿಗೆ ಬಿದ್ದದ್ದು ಅದು.

ತೀನ್ ಕಂದೀಲ್ ಹುಡುಗ (6:31)
ಅಂದ್ರ ಅಶೋಕನೂ ಜಿಮ್ಮಿಗೆ ದುಡ್ಡು ಕಟ್ಟಿ ಹೋಗದ ಇದ್ದವ ಅಂದಂಗಾತು. ಮನಸಿಗೆ ಸಮಾಧಾನ ಆತು.

ಸಂಡೂರು ಘಾಟಿ (7:15)
ಎಲ್ಲಾ ಸರಿ, ಧೂಳಿನ ಬಗ್ಗೆ ಯಾರೂ ಮಾತಾಡಿಲ್ಲ. ನಾನಿರೋ ಕಡೆ ಅದಿರು ಲಾರಿ ಓಡಾಡೋ ರಸ್ತೆ. ವಾಕಿಂಗ್ ಮುಗಿಸಿ ಮೂಗು ಒರೆಸಿದರೆ ಕರವಸ್ತ್ರ ಕೆಂಪು. ಇಂಥಾ ಗಾಳಿಯಲ್ಲಿ "ದೀರ್ಘವಾಗಿ ಉಸಿರೆಳೆದುಕೊಳ್ಳಿ" ಅನ್ನೋರನ್ನು ಕರ್ಕೊಂಡು ಬಂದು ಒಂದು ದಿನ ನಡೆಸಬೇಕು. ನಾನು ಕಂಡುಕೊಂಡಿದ್ದು ಇಷ್ಟು: ಲಾರಿ ಓಡಾಟ ಇರೋ ರಸ್ತೆಯಲ್ಲಿ ಹೆಜ್ಜೆ ಮಾತ್ರ ನೋಡೋದು, ಬಾಯಿ ಮುಚ್ಚಿ ಮೂಗಿನಲ್ಲೇ ಸಣ್ಣಗೆ ಉಸಿರಾಡೋದು, ಮೂಗಿನ ಕೂದಲು ಒಂದಿಷ್ಟಾದರೂ ಧೂಳು ತಡೀತವೆ. ಉಸಿರಿನ ಆಟ ಎಲ್ಲಾ ಒಳದಾರಿಗೆ ತಿರುಗಿದ ಮೇಲೆ. ಒಂದು ಮಳೆ ಬಿದ್ದ ಮಾರನೇ ದಿನ ಮಾತ್ರ ನಮ್ಮ ಸಂಡೂರಿನ ಗಾಳಿಗೆ ಯಾವ ಊರೂ ಸಮ ಇಲ್ಲ ಬಿಡಿ.

ಕೌಲಬಜಾರ್ ಕಾಕಾ (7:20)
ಸಂಡೂರಿನೋರಿಗೆ ಮಳಿ ಆದ್ರೂ ಐತಪ್ಪ. ಬಳ್ಳಾರಿ ಗುಡ್ಡದ ಬಂಡಿ ಮ್ಯಾಲೆ ಮೇ ತಿಂಗಳಾಗ ಬರಿಗಾಲಾಗೆ ನಿಂತು ಧ್ಯಾಸ ಇಡು, ಎಲ್ಲಿಗೂ ಹೋಗಲ್ಲ ಅದು. ಅಂಗಾಲಿಗೇ ಅಂಟ್ಕೊಂಡು ಇರ್ತೈತೆ.

ತೀನ್ ಕಂದೀಲ್ ಹುಡುಗ (7:22)
ರಾಯಚೂರಿಗೆ ಬರ್ರಿ, ನಿಮ್ಮದು ಹವಾಮಹಲ್ ಅನಸ್ತದ.

ಕೌಲಬಜಾರ್ ಕಾಕಾ (7:23)
ಶುರುವಾತು ನೋಡು. ಬಿಸ್ಲಿಗೂ ಕಾಂಪಿಟೇಶನ್.

ನರ್ಸಕ್ಕ ಸಿಂಧನೂರು (7:40)
ಇಬ್ಬರೂ ಏಪ್ರಿಲ್, ಮೇ ತಿಂಗಳಾಗ ಏಳರ ಒಳಗ ಮನಿ ಸೇರ್ರಿ. ನೀರಿನ ಬಾಟ್ಲಿ ಕೈಯಾಗ ಇರಲಿ. ಬಿಸಿಲು ಬಡದು ಬಂದೋರನ್ನ ನೋಡಿ ನೋಡಿ ಸಾಕಾಗ್ಯಾದ.

ದುಡ್ಡು ಕೊಟ್ಟು ನಡೆದವ (8:30)
ನನ್ನ ಕಥೆ ಕೇಳಿ. ಹೋದ ಚಳಿಗಾಲದಲ್ಲಿ ಹೊಳೆ ದಂಡೆಯ ಒಂದು ರೆಸಾರ್ಟಿನಲ್ಲಿ ಎರಡು ದಿನದ ನಡಿಗೆ ಶಿಬಿರಕ್ಕೆ 3,500 ರೂಪಾಯಿ ಕಟ್ಟಿದ್ದೆ. ಹೆಸರು ಬೇಡ. ಬೆಳಿಗ್ಗೆ ಇಬ್ಬನಿ ಹುಲ್ಲಿನ ಮೇಲೆ ಬರಿಗಾಲಲ್ಲಿ ನಡೆಸಿದರು, ಚೆನ್ನಾಗಿತ್ತು. ನಿಜವಾಗಲೂ ಮನಸ್ಸು ನಿಂತಿತ್ತು. ಅಷ್ಟರಲ್ಲಿ ಫೋಟೋದವನು "ಸರ್, ಇನ್ನೊಮ್ಮೆ, ಈ ಸಲ ಕಣ್ಣು ಮುಚ್ಚಿ" ಅಂದ. ಕಣ್ಣು ಮುಚ್ಚಿ ನಡೆದೆ. ಸ್ಪ್ರಿಂಕ್ಲರ್ ಪೈಪಿಗೆ ಎಡವಿ ಹೆಬ್ಬೆರಳ ಉಗುರು ಹೋಯಿತು. ಆ ಫೋಟೋ ಅವರ ಜಾಹೀರಾತಿನಲ್ಲಿ ಬಂದಿದೆ, ಎಡವೋ ಕ್ಷಣಕ್ಕೆ ಮುಂಚಿನದು. ಮುಖದಲ್ಲಿ ಭಾರೀ ಶಾಂತಿ.

ಪುಣೆದಾಗಿನ ಕುಷ್ಟಗಿ (8:34)
ಕಾಲಿದ್ದವರು ಹಂಪಿ ನೋಡಬೇಕು, ಕಣ್ಣಿದ್ದವರು ಕನಕಗಿರಿ ನೋಡಬೇಕು ಅಂತಾರ. ಕಾಲು ಇದ್ದು ಕಣ್ಣು ಮುಚ್ಚಿದೋರು ಏನು ನೋಡಬೇಕು ಅಂತ ಈಗ ಗೊತ್ತಾತು.

ಮಲ್ಲಯ್ಯನ ಕಂಬಿ (9:45)
ನಾವು ಯುಗಾದಿಗಿಂತ ಮೊದಲು ಹೆಗಲ ಮ್ಯಾಲೆ ಮಲ್ಲಯ್ಯನ ಕಂಬಿ ಹೊತ್ತು ಶ್ರೀಶೈಲಕ್ಕ ಪಾದಯಾತ್ರೆ ಹೋಗೋರು. ನಾ ಆರು ಸಲ ಹೋಗೀನಿ. ಮೊದಲ ಎರಡು ದಿನ ಬರೀ ಹರಟಿ, ಊರ ರಾಜಕೀಯ, ಯಾರ ಹೊಲ ಎಷ್ಟಕ್ಕ ಹೋತು ಅನ್ನೋದು. ಮೂರನೇ ದಿನ ಅಂಗಾಲಿಗೆ ಗುಳ್ಳಿ ಬಂದಮ್ಯಾಲೆ ಮಾತು ತಾನಾಗಿ ನಿಲ್ತೈತಿ. ನಲ್ಲಮಲ ಕಾಡಿನ್ಯಾಗ ಭೀಮನ ಕೊಳ್ಳ ಇಳಿದು ಕೈಲಾಸ ಬಾಗಿಲಿಗೆ ಏರೂವಾಗ ಇರೋದು ಎರಡೇ: ಮುಂದಿನ ಕಲ್ಲು, ಮುಂದಿನ ಉಸಿರು. ಉಸಿರು ಬಿಡೂವಾಗ "ಮಲ್ಲಯ್ಯಾ" ಅಂತೀವಿ. ನರ್ಸಕ್ಕ ಹೇಳಿದಂಗ ಹೊರಗಿನ ಉಸಿರು ಉದ್ದ ಆಗೋದು ಅಲ್ಲೇ ಇರಬೇಕು, ಯಾಕಂದ್ರ ಹೆಸರು ಉದ್ದಕ್ಕ ಎಳದು ಕೂಗ್ತೀವಿ.

ಆದ್ರ ಒಂದು ಮಾತು ಮುಚ್ಚಿಡಬಾರದು. ಊರಿಗೆ ಬಂದು ನಾಲ್ಕು ದಿನಕ್ಕ ನಾ ಮೊದಲಿನಂಗೇ ಒದರಾಡ್ತೀನಿ, ಹೆಂಡ್ತಿ "ಕಂಬಿ ಇಳಿಸಿದ್ರಾ?" ಅಂತ ಕೇಳ್ತಾಳ. ವರ್ಷಕ್ಕ ಒಮ್ಮೆ ನೂರಾರು ಮೈಲಿ ನಡಿಯೋದಕ್ಕಿಂತ ಅಕ್ಕಾವರ ಹತ್ತು ಹೆಜ್ಜಿನೇ ಭಾರ ಅನಸ್ತೈತಿ ನನಗ.

ಸ್ಟೆಪ್ ಲೆಕ್ಕ (11:12)
ನನ್ನ ವಾಚಿನಲ್ಲಿ ದಿನಾ 10,000 ಹೆಜ್ಜೆ ಪಕ್ಕಾ. ರಾತ್ರಿ ಕಡಿಮೆ ಬಿದ್ದರೆ ಹಾಲ್‌ನಲ್ಲೇ ಸುತ್ತಿ ಮುಗಿಸ್ತೀನಿ. ಇದು ಮೈಂಡ್‌ಫುಲ್ ಆಗಲ್ವಾ?

ಹತ್ತು ದಿನ ಮೌನ (11:20)
ವಾಚಿಗೆ ಆಗುತ್ತೆ, ಅದು ಒಂದು ಹೆಜ್ಜೆಯನ್ನೂ ತಪ್ಪಿಸಿಲ್ಲ. ಅಂದಹಾಗೆ ಆ 10,000 ವೈದ್ಯರು ಕೊಟ್ಟ ಲೆಕ್ಕ ಅಲ್ಲ. 1965ರಲ್ಲಿ ಜಪಾನಿನಲ್ಲಿ ಒಂದು ಹೆಜ್ಜೆ ಎಣಿಸೋ ಯಂತ್ರ ಮಾರಾಟಕ್ಕೆ ಬಂತು, ಹೆಸರು "ಮಾನ್ಪೊ-ಕೆಯ್", ಅಂದರೆ ಹತ್ತು ಸಾವಿರ ಹೆಜ್ಜೆಯ ಮೀಟರು. ಆ ಹೆಸರೇ ನಿಯಮ ಆಯ್ತು.

ಸ್ಟೆಪ್ ಲೆಕ್ಕ (11:21)
ಛೆ. ನಿನ್ನೆ ರಾತ್ರಿ 11:40ಕ್ಕೆ 600 ಹೆಜ್ಜೆ ಹಾಕಿದ್ದೆ.

ಮೋಚಿ ಓಣಿ (ಮಧ್ಯಾಹ್ನ 1:05)
ನರ್ಸಕ್ಕನ ಮಾತು ಓದಿ ಇವತ್ತು ಬೆಳಿಗ್ಗೆ ಅಂಗಾಲು ನೋಡಿಕೋತ ನಡದೆ. ಬಲಗಾಲು ಒಂದು ರೀತಿ "ಟಪ್" ಅಂತ ಬೀಳ್ತೈತಿ, ಎಡಗಾಲು "ಸರ್" ಅಂತ ಎಳೀತೈತಿ. ಟಪ್, ಸರ್, ಟಪ್, ಸರ್. ಮನಿಗೆ ಬಂದು ಚಪ್ಪಲಿ ತಿರುವಿ ನೋಡಿದೆ. ಬಲಗಡೆದು ಹಿಮ್ಮಡಿ ಹೊರಗಿನ ಅಂಚು ಪೂರಾ ಸವದು ಒಳಗಿನ ಬಿಳಿ ಪದರ ಕಾಣಾಕ ಹತ್ತೈತಿ, ಎಡದ್ದು ಮುಂಗಾಲಿನ ಹತ್ರ ಅಷ್ಟೇ ನುಣ್ಣಗ. ಹದಿನೈದು ವರ್ಷದಿಂದ ಮಂದಿ ಚಪ್ಪಲಿ ಹೊಲಿಯೋನು ನಾ. ಸವದ ಚಪ್ಪಲಿ ನೋಡಿ "ನಿಮಗ ಮೊಣಕಾಲು ನೋವು ಐತೇನ್ರಿ" ಅಂತ ಕೇಳೋನು. ನಂದು ನಾ ನೋಡಿದ್ದಿಲ್ಲ.

ಗಂಗಾವತಿ ಭತ್ತ (1:11)
ಅಣ್ಣಾ, ಇಡೀ ಚರ್ಚಾದಾಗ ಇದೇ ನನಗ ಭಾಳ ಹಿಡಿಸ್ತು.

ನರ್ಸಕ್ಕ ಸಿಂಧನೂರು (1:30)
ಅಣ್ಣಾರ, ಮೊಣಕಾಲು ನೋವು ಅದ ಏನ್ರಿ? 🙂

ಮೋಚಿ ಓಣಿ (1:33)
ಐತ್ರೆಕ್ಕಾ. ಬಲಗಡೆದೇ.

ಬೆಳಗಿನ ಯೋಗ (2:00)
ಮನಸ್ಸು ಅಲೆಯದಂತೆ ಮಾಡೋದೇ ಗುರಿ. ನೀವೆಲ್ಲ ಚಪ್ಪಲಿ, ಮೊಣಕಾಲು ಅಂತ ಎಲ್ಲಿಗೋ ಹೋದಿರಿ. ಹತ್ತು ಹೆಜ್ಜೆಗೆ ತಪ್ಪಿದರೆ ಸಾಧನೆ ಸಾಲದು ಅಂತ ಅರ್ಥ.

ಹತ್ತು ದಿನ ಮೌನ (2:25)
ಅಲ್ಲ ಸರ್, ಇಲ್ಲೇ ಎಲ್ಲರೂ ಎಡವೋದು. 2010ರಲ್ಲಿ ಹಾರ್ವರ್ಡಿನ ಇಬ್ಬರು ಸಂಶೋಧಕರು 2,250 ಜನರ ಫೋನಿಗೆ ಹೊತ್ತಲ್ಲದ ಹೊತ್ತಿನಲ್ಲಿ "ಈಗ ಮನಸ್ಸು ಎಲ್ಲಿದೆ?" ಅಂತ ಕೇಳಿ ಕೇಳಿ ಲೆಕ್ಕ ಹಾಕಿದ್ದರು. ಸುಮಾರು 47% ಹೊತ್ತು ಮಾಡ್ತಿರೋ ಕೆಲಸದ ಮೇಲೆ ಮನಸ್ಸು ಇರಲೇ ಇಲ್ಲ. ಎಲ್ಲರದ್ದೂ ಹಾಗೇ. ಹನ್ನೊಂದನೇ ಹೆಜ್ಜೆಗೆ ದೋಸೆ ಹಿಟ್ಟು ಬಂತು ಅಂತ ಅಕ್ಕಾವರಿಗೆ ಗೊತ್ತಾಯ್ತಲ್ಲ, ಅದೇ ಕೆಲಸ. ಗೊತ್ತಾದಾಗ ವಾಪಸ್ ಕಾಲಿಗೆ ಬರೋದು. ಅರ್ಧ ಗಂಟೆಯಲ್ಲಿ ಇನ್ನೂರು ಸಲ ಹೋದರೆ ಇನ್ನೂರು ಸಲ ಬಂದಂಗಾಯ್ತು. ಬೈಕೊಂಡು ಬರಬಾರದು, ಅಷ್ಟೇ.

ಕೌಲಬಜಾರ್ ಕಾಕಾ (2:31)
ಇದು ತಿಳೀತು ನೋಡಪ್ಪ. ಎಮ್ಮಿ ಮೇಯ್ಸಿದಂಗೆ. ಹೊಲಕ್ಕೆ ನುಗ್ತೈತೆ, ಹೊಡ್ಕೊಂಡು ಬರ್ತೀವಿ, ಮತ್ತೆ ನುಗ್ತೈತೆ. ಅದಕ್ಕಂತ ಎಮ್ಮಿ ಮಾರ್ತೀವಾ?

ಭಾಗ್ಯನಗರದಕ್ಕ (2:50)
ಕಾಕಾ, ನೀವು ನಿನ್ನಿ ಟ್ಯೂಷನ್ ಯಾಕ ಅಂದಿದ್ರಿ. ಈಗ ನೀವೇ ಮಾಸ್ತರ ಆದ್ರಿ.

ಎಲ್ಲಾರದೂ ಓದೀನಿ. ನಾಯಿ ಬಗ್ಗೆ ಯಾರೂ ಹೇಳಿಲ್ಲಲ್ಲ?

ತೀನ್ ಕಂದೀಲ್ ಹುಡುಗ (2:52)
ಕೈಯಾಗ ಒಂದು ಬೆತ್ತ ಇರಲಿ ಅಕ್ಕಾರ. ಮತ್ತ ನಾಯಿ ಬೆನ್ನತ್ತಿದಾಗ ಮನಸು ದ್ವಾಶಿ ಹಿಟ್ಟಿಗೆ ಹೋಗೂದಿಲ್ಲ, ನೋಡ್ರಿ ಬೇಕಾದ್ರ. ಪೂರಾ ಆ ಕ್ಷಣದಾಗೇ ಇರ್ತದ.

ಸಂಡೂರು ಘಾಟಿ (2:55)
ಓಡಬೇಡಿ, ಕಣ್ಣಲ್ಲಿ ಕಣ್ಣಿಟ್ಟು ನೋಡಬೇಡಿ, ಪಕ್ಕಕ್ಕೆ ತಿರುಗಿ ನಿಧಾನ ದಾಟಿ. ತಮಾಷೆ ಅಲ್ಲ, ಕಚ್ಚಿಸಿಕೊಂಡವನು ಹೇಳ್ತಿದ್ದೀನಿ.

ಸ್ಟೆಪ್ ಲೆಕ್ಕ (ಸಂಜೆ 6:20)
ವಾಕಿಂಗ್ ಆದಮೇಲೆ ಒಗ್ಗರಣಿ ಮಿರ್ಚಿ ತಿನ್ನಬಹುದಾ?

ನರ್ಸಕ್ಕ ಸಿಂಧನೂರು (6:22)
ಒಂದು ಮಿರ್ಚಿ. ಧ್ಯಾಸ ಇಟ್ಟು.

ಭಾಗ್ಯನಗರದಕ್ಕ (ಭಾನುವಾರ, ಬೆಳಿಗ್ಗೆ 7:05)
ಐದು ದಿನ ಆತು, ವರದಿ ಒಪ್ಪಸ್ತೀನಿ. ಅರ್ಧ ತಾಸಿನ ಹಟ ಬಿಟ್ಟೆ. ನಡಿಯೋದು ಅರ್ಧ ತಾಸೇ, ಧ್ಯಾಸ ಇಡೋದು ಮಾತ್ರ ನಮ್ಮ ಗೇಟಿನಿಂದ ಹಾಲಿನ ಬೂತಿನ ತನಕ, ಆ ಕಡೆ 120 ಹೆಜ್ಜಿ. ಉಸಿರು ನೋಡೇ ಇಲ್ಲ, ಬರೀ ಕಾಲು. ಮೊನ್ನೆ ಮೂರನೇ ಲೈಟ್ ಕಂಬದ ಹತ್ರ ಕಾಲಿನ ಕೆಳಗ ಮೆತ್ತಗಾತು, ನೋಡಿದ್ರ ಬೇವಿನ ಹೂವು ಉದುರಿ ಹಾಸಿಗಿ ಹಾಸಿದಂಗ ಬಿದ್ದಿತ್ತು. ಎಂಟು ವರ್ಷದಿಂದ ಅದೇ ದಾರಿ, ಅಲ್ಲಿ ಬೇವಿನ ಗಿಡ ಐತಿ ಅಂತ ಕೇಳಿದ್ರ ಇಲ್ಲ ಅಂತಿದ್ದೆ. ನಾದಿನಿ ಇನ್ನೂ ಬರ್ತಾಳ, ಬೂತಿನ ಹತ್ರ. ಬರಲಿ.

ಇವತ್ತಂತೂ ಹೋಗೂವಾಗ ಬರೂವಾಗ ಎರಡೂ ಕಡೆ ಒಂದು ಹೆಜ್ಜಿನೂ ತಪ್ಪಿಲ್ಲ. ಖುಷಿಲೆ ಮನಿ ಒಳಗ ಬಂದೆ. ಯಜಮಾನ್ರು ಕೈ ನೋಡಿದ್ರು, ನನ್ನ ಮುಖ ನೋಡಿದ್ರು. ಹಾಲೇ ತಂದಿಲ್ಲ.

ಕೌಲಬಜಾರ್ ಕಾಕಾ (7:09)
ಮತ್ತೊಮ್ಮೆ ಹೋಗಿ ಬಾ ತಾಯಿ. 240 ಹೆಜ್ಜಿ ಬಾಕಿ ಅದಾವೆ.